ಕೊಳೆಗೊಂದು ಮನೆ

ಮೀನು ಸಾಕುವವರು ಸಾಮಾನ್ಯವಾಗಿ ಬಾಲದ ಕಡೆಯಿಂದ ಶುರು ಮಾಡುತ್ತಾರೆ. ಮೊದಲು ಮೀನು ಬರುತ್ತದೆ. ರಬ್ಬರ್ ಬ್ಯಾಂಡು ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿ, ಸ್ಕೂಟರಿನ ಹ್ಯಾಂಡಲಿಗೆ ಜೋತುಬಿದ್ದು, ಮಗುವಿನ ಹುಟ್ಟುಹಬ್ಬದ ನೆಪದಲ್ಲಿ ಬರುತ್ತದೆ. ಅದನ್ನು ಎಲ್ಲಿ ಬಿಡುವುದು ಎಂಬ ಯೋಚನೆ ಮನೆ ಬಾಗಿಲಿಗೆ ಬಂದ ಮೇಲೆ ಹುಟ್ಟುತ್ತದೆ. ಉಪ್ಪಿನಕಾಯಿ ಭರಣಿಯಿಂದ ಹಿಡಿದು ಸ್ನಾನದ ಬಕೆಟ್ಟಿನವರೆಗೆ ಎಲ್ಲದರ ಯೋಗ್ಯತೆಯನ್ನೂ ಅಳೆದು ನೋಡಿ, ಮರುದಿನ ಗಾಜಿನ ತೊಟ್ಟಿ ತರುತ್ತಾರೆ. ತೊಟ್ಟಿಯ ಹಿಂದೆ ನೀಲಿ ಬಣ್ಣದ ಕಲ್ಲು, ಕಲ್ಲಿನ ಹಿಂದೆ ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ. ಫಿಲ್ಟರಿನ ಸರದಿ ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ನೀರು ಮಬ್ಬಾಗಿ, ಎರಡು ಮೀನು ಅಡ್ಡ ಮಲಗಿ, "ಅಂಗಡಿಯವನು ಇನ್ನೇನೋ ಬೇಕು ಅಂದಿದ್ದನಲ್ಲ" ಎಂದು ಯಾರಿಗೋ ನೆನಪಾಗಿರುತ್ತದೆ.

ನ್ಯಾಯವಾಗಿ ಈ ಕ್ರಮ ತಿರುವುಮುರುವಾಗಬೇಕು. ಮೊದಲು ಫಿಲ್ಟರು, ಆಮೇಲೆ ನೀರು, ಅದಾಗಿ ಒಂದು ತಿಂಗಳು ಕಳೆದ ಮೇಲೆ ಮೀನು. ಆದರೆ ಹುಟ್ಟುಹಬ್ಬದ ಮಗುವನ್ನು ಖಾಲಿ ತೊಟ್ಟಿಯ ಮುಂದೆ ಕೂರಿಸಿ, "ಇನ್ನೊಂದು ತಿಂಗಳು ಇದನ್ನೇ ನೋಡ್ತಿರು ಪುಟ್ಟಾ, ಒಳಗೆ ಬ್ಯಾಕ್ಟೀರಿಯಾ ಬೆಳೀತಿದೆ" ಎನ್ನುವ ಧೈರ್ಯ ಯಾವ ಅಪ್ಪನಿಗಿದೆ?

ನಮ್ಮ ಬಡಾವಣೆಯ ಮೀನಿನಂಗಡಿ ಮೊಬೈಲ್ ರಿಪೇರಿಯವನಿಗೂ ಕೋಳಿ ಅಂಗಡಿಗೂ ನಡುವೆ ಇದೆ. ಕೋಳಿ ಅಂಗಡಿಯವನ ಸರಕು ಸತ್ತ ಮೇಲೆ ದುಡ್ಡು ತರುತ್ತದೆ, ಇವನದು ಬದುಕಿದ್ದರೆ ಮಾತ್ರ. ಹಾಗಾಗಿ ಇವನ ಮುಖದಲ್ಲಿ ಸದಾ ಒಂದು ಚಿಂತೆ. ಬಣ್ಣದ ಮೀನಿನ ಸಾಕಣೆಗೆ ಹೆಸರಾದ ಚೆನ್ನೈನ ಕೊಳತ್ತೂರಿನಿಂದ ರಾತ್ರಿ ಹೊರಟ ಚೀಲಗಳು ಬೆಳಿಗ್ಗೆ ಇವನ ಅಂಗಡಿ ಮುಟ್ಟುತ್ತವೆ. ಗಿರಾಕಿ ಒಳಗೆ ಕಾಲಿಟ್ಟ ಕೂಡಲೇ ಇವನು ಕೇಳುವುದು ಒಂದೇ ಪ್ರಶ್ನೆ: "ಎಷ್ಟಡಿ ಟ್ಯಾಂಕು ಸಾರ್?" ತೊಟ್ಟಿಯನ್ನು ಅಡಿಯ ಲೆಕ್ಕದಲ್ಲಿ ಮಾರುತ್ತಾರೆ, ಮೀನನ್ನು ಜೋಡಿಯ ಲೆಕ್ಕದಲ್ಲಿ, ಫಿಲ್ಟರನ್ನು ಗಂಟೆಗೆ ಇಷ್ಟು ಲೀಟರು ಎಂಬ ಲೆಕ್ಕದಲ್ಲಿ. ಮೂರಕ್ಕೂ ತಾಳೆ ಹಾಕುವ ಹೊಣೆ ಕೊಳ್ಳುವವನದು.

ಎರಡಡಿ ಎಂದರೆ ಸಾಕು, ಗೋಡೆಯ ಮೇಲಿನ ಡಬ್ಬಿಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ತೊಟ್ಟಿಯ ನೆತ್ತಿಯ ಮೇಲೆ ಉದ್ದಕ್ಕೆ ಮಲಗುವ ಟಾಪ್ ಫಿಲ್ಟರು. ಹಿಂದಿನ ಗಾಜಿಗೆ ಹೊರಗಿನಿಂದ ತೂಗುಬಿದ್ದು, ನೀರನ್ನು ಹೀರಿಕೊಂಡು ಪುಟ್ಟ ಜಲಪಾತವಾಗಿ ಮರಳಿಸುವ ಹ್ಯಾಂಗ್ ಆನ್. ಒಳಗಿನ ಗಾಜಿಗೆ ರಬ್ಬರಿನ ಬಟ್ಟಲುಗಳಿಂದ ಕಚ್ಚಿಕೊಳ್ಳುವ ಕರಿಯ ಪವರ್ ಫಿಲ್ಟರು. ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಅಡಗಿ ಕೂರುವ, ಎರಡು ಕೊಳವೆಗಳಷ್ಟೇ ಕಾಣುವ ಕ್ಯಾನಿಸ್ಟರು. ಕಲ್ಲಿನಡಿ ಹಾಸುವ ತೂತುತೂತಿನ ಹಲಗೆಯೂ ಒಂದಿದೆ. ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದು, ಈಗ ಅಂಗಡಿಯ ಹಿಂದಿನ ಸಾಲಿನಲ್ಲಿ ಧೂಳು ತಿನ್ನುತ್ತಿದೆ. ಎಲ್ಲ ಮುಗಿದು ಗಿರಾಕಿ ಬೆವರತೊಡಗಿದಾಗ, ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಒಂದು ಕರಿಯ ಸ್ಪಂಜಿನ ಉಂಡೆ ಹೊರಬರುತ್ತದೆ. ಅದಕ್ಕೆ ಮೋಟಾರಿಲ್ಲ, ಪೆಟ್ಟಿಗೆಯಿಲ್ಲ, ಮೇಲೆ ನಗುವ ಮೀನಿನ ಚಿತ್ರವೂ ಇಲ್ಲ. ಇಬ್ಬರು ದರ್ಶಿನಿಗೆ ಹೋಗಿ ತಿಂಡಿ ತಿಂದು ಬರುವ ದುಡ್ಡಿಗೆ ಸಿಗುತ್ತದೆ. ಅಂಗಡಿಯವನು ಅದನ್ನು ತೋರಿಸುವಾಗ ದನಿ ತಗ್ಗಿಸುತ್ತಾನೆ. ಲಾಭವಿಲ್ಲದ ಸರಕಿನ ಗುಣಗಾನ ಯಾರು ಗಟ್ಟಿಯಾಗಿ ಮಾಡುತ್ತಾರೆ?

ಎಲ್ಲಿಡುವುದು ಎಂಬುದು ಮುಂದಿನ ಕಗ್ಗಂಟು. ಬೆಂಗಳೂರಿನ ಮೀನಿನ ತೊಟ್ಟಿಗಳಲ್ಲಿ ಅರ್ಧ ಮೀನಿನ ಮೇಲಿನ ಪ್ರೀತಿಯಿಂದ ಬಂದವು, ಇನ್ನರ್ಧ ವಾಸ್ತುವಿನ ಮೇಲಿನ ಭಯದಿಂದ ಬಂದವು. ನೀರು ಈಶಾನ್ಯದಲ್ಲಿರಬೇಕು, ಬೆಂಕಿ-ವಿದ್ಯುತ್ತು ಆಗ್ನೇಯದಲ್ಲಿರಬೇಕು ಎಂದು ವಾಸ್ತು ಹೇಳುತ್ತದೆ. ಫಿಲ್ಟರಾದರೋ ನೀರಿನಲ್ಲಿ ಮುಳುಗಿ ವಿದ್ಯುತ್ತಿನಿಂದ ಉಸಿರಾಡುವ ವಸ್ತು. ಈಶಾನ್ಯ-ಆಗ್ನೇಯಗಳನ್ನು ಒಂದೇ ಡಬ್ಬಿಯಲ್ಲಿ ಕೂಡಿಹಾಕಿದ ಈ ಯಂತ್ರಕ್ಕೆ ಶಾಸ್ತ್ರಕಾರರು ಮೂಲೆಯನ್ನೇ ಇಟ್ಟಿಲ್ಲ. ಕೊನೆಗೆ ಎಲ್ಲರೂ ಮಾಡುವುದು ಒಂದೇ. ತೊಟ್ಟಿ ಈಶಾನ್ಯದಲ್ಲಿ, ಪ್ಲಗ್ಗು ಆಗ್ನೇಯದಲ್ಲಿ, ನಡುವೆ ಸೋಫಾದ ಕೆಳಗೆ ಹರಿದುಹೋಗುವ ಎಕ್ಸ್‌ಟೆನ್ಷನ್ ವೈರು. ಆ ವೈರಿನ ಬಗ್ಗೆ ವಾಸ್ತು ಹೇಳದ ಒಂದು ಮಾತನ್ನು ನಾನು ಹೇಳಿಬಿಡುತ್ತೇನೆ. ತೊಟ್ಟಿಯಿಂದ ಬಂದ ವೈರು ನೇರವಾಗಿ ಪ್ಲಗ್ಗಿಗೆ ಹೋಗಬಾರದು. ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮತ್ತೆ ಮೇಲೇರಬೇಕು. ವೈರಿನುದ್ದಕ್ಕೂ ಇಳಿದು ಬರುವ ನೀರಿನ ಹನಿ ಆ ಜೋಲಿನ ತಳದಲ್ಲಿ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿನೊಳಕ್ಕೆ ಇಳಿಯುವುದಿಲ್ಲ. ಮನೆಯ ಶಾಂತಿಗೆ ಇದು ಈಶಾನ್ಯದಷ್ಟೇ ಮುಖ್ಯ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಿವೃತ್ತ ಇಂಜಿನಿಯರೊಬ್ಬರಿದ್ದಾರೆ. ಅಣೆಕಟ್ಟು ಕಟ್ಟಿದವರು. ಈಗ ಕಟ್ಟಲು ಏನೂ ಇಲ್ಲದೆ ಅಕ್ಕಪಕ್ಕದವರ ತೊಟ್ಟಿಗಳ ನೀರಿನ ಲೆಕ್ಕ ನೋಡಿಕೊಂಡಿದ್ದಾರೆ. ಎರಡಡಿ ತೊಟ್ಟಿಯೆಂದರೆ ಹೆಚ್ಚುಕಡಿಮೆ 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 54 ಲೀಟರು. "ಅದು ಗಾಜಿನ ಲೆಕ್ಕ ಕಣ್ರೀ, ನೀರಿನ ಲೆಕ್ಕ ಅಲ್ಲ" ಎಂದು ಅವರು ಬೆರಳೆತ್ತುತ್ತಾರೆ. ಮೇಲೆ ಎರಡು ಬೆರಳು ಖಾಲಿ ಬಿಡಬೇಕು, ಕೆಳಗೆ ಕಲ್ಲು, ಮಧ್ಯೆ ಮೊಸಳೆ. ಉಳಿದದ್ದು 45 ಲೀಟರು. ತೊಟ್ಟಿಯ ನೀರೆಲ್ಲ ಗಂಟೆಗೆ ನಾಲ್ಕೈದು ಸಲ ಫಿಲ್ಟರಿನ ಮೂಲಕ ಹಾಯಬೇಕೆಂಬುದು ಮೀನು ಸಾಕುವವರಲ್ಲಿ ನಡೆದುಬಂದ ಲೆಕ್ಕ. ಅಂದರೆ ಗಂಟೆಗೆ 200 ಲೀಟರು ದೂಡುವ ಪಂಪು ಸಾಕು. ಪೆಟ್ಟಿಗೆಯ ಮೇಲೆ 600 ಎಂದು ಬರೆದಿರುವುದನ್ನು ಕೊಂಡರೆ? "ಆ 600 ಪಂಪಿನೊಳಗೆ ಸ್ಪಂಜಿಲ್ಲದಾಗ, ನೀರನ್ನು ಮೇಲೆತ್ತುವ ಕೆಲಸ ಇಲ್ಲದಾಗ ಅಳೆದದ್ದು. ಸ್ಪಂಜು ಹಾಕಿ, ಒಂದಡಿ ಮೇಲೆತ್ತಿಸಿ, ಎರಡು ವಾರ ಬಿಟ್ಟು ಬಕೆಟ್ ಹಿಡಿದು ಅಳೀರಿ, ಗೊತ್ತಾಗತ್ತೆ" ಎನ್ನುತ್ತಾರೆ. ಅಳೆದೂ ತೋರಿಸುತ್ತಾರೆ. ಮಗ್ಗು, ಕೈಗಡಿಯಾರ, ಒಂದು ಡೈರಿ ಸದಾ ಸಿದ್ಧ.

ಲೆಕ್ಕ ಸರಿಯೇ, ಆದರೆ ತೊಟ್ಟಿಯಲ್ಲಿ ಇರುವವರನ್ನೂ ಒಂದು ಮಾತು ಕೇಳಬೇಕಲ್ಲ. ನಮ್ಮಲ್ಲಿ ಫೈಟರ್ ಎಂದು ಮಾರುವ ಮೀನು ಥಾಯ್ಲೆಂಡಿನ ಗದ್ದೆ, ಕಾಲುವೆಗಳ ನಿಂತ ನೀರಿನದು. 2019ರಲ್ಲಿ ಆ ದೇಶ ಅದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ಅದರ ತಲೆಯೊಳಗೆ ಗಾಳಿಯಿಂದಲೇ ಆಮ್ಲಜನಕ ಹೀರುವ ಒಂದು ಅಂಗವಿದೆ. ಹಾಗಾಗಿ ಆಗಾಗ ಮೇಲೆ ಬಂದು ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತದೆ. ಇದರ ನೆಪ ಹೇಳಿಯೇ ಅಂಗಡಿಯವರು ಅದನ್ನು ಲೋಟದಲ್ಲಿಟ್ಟು ಮಾರುವುದು. ಗಾಳಿಯಿಂದ ಉಸಿರಾಡಿದರೂ ತನ್ನ ಕೊಳೆಯಲ್ಲೇ ಈಜಬೇಕಾದ ಕಷ್ಟ ಅದಕ್ಕೆ ತಪ್ಪಿದ್ದಲ್ಲ. ಫಿಲ್ಟರು ಅದಕ್ಕೂ ಬೇಕು. ಆದರೆ ಆ ಉದ್ದನೆಯ ರೆಕ್ಕೆ ಹೊತ್ತವನನ್ನು ಗಂಟೆಗೆ 600 ಲೀಟರಿನ ಮುಂದೆ ಬಿಟ್ಟರೆ, ಇಡೀ ದಿನ ಈಜಿ ಈಜಿ ಇದ್ದಲ್ಲೇ ಇರುತ್ತಾನೆ, ಸಂಜೆಗೆ ಸುಸ್ತಾಗಿ ಮೊಸಳೆಯ ಹಿಂದೆ ಅಡಗುತ್ತಾನೆ.

ಹಾಗಾದರೆ ಫಿಲ್ಟರು ಮಾಡುವ ಕೆಲಸವಾದರೂ ಏನು? ನೀರಿನಲ್ಲಿ ತೇಲುವ ಕಸ ಹಿಡಿಯುವುದು ಎಂದು ನೂರಕ್ಕೆ ತೊಂಬತ್ತು ಜನ ಹೇಳುತ್ತಾರೆ. ಹಿಡಿಯುತ್ತದೆ, ಸುಳ್ಳಲ್ಲ. ಆದರೆ ಕಣ್ಣಿಗೆ ಕಾಣುವ ಕಸದಿಂದ ಮೀನಿಗೆ ಆಗುವ ತೊಂದರೆ ಕಡಿಮೆ. ಮೀನನ್ನು ಕೊಲ್ಲುವುದು ಕಣ್ಣಿಗೆ ಕಾಣದ್ದು. ತಿಂದದ್ದರಲ್ಲಿನ ಸಾರಜನಕದ ಬಹುಪಾಲನ್ನು ಮೀನು ಅಮೋನಿಯಾ ರೂಪದಲ್ಲಿ ಕಿವಿರುಗಳ ಮೂಲಕವೇ ಹೊರಬಿಡುತ್ತದೆ. ಉಸಿರಾಡುವುದೂ ವಿಸರ್ಜಿಸುವುದೂ ಒಂದೇ ಬಾಗಿಲಲ್ಲಿ. ಈ ಅಮೋನಿಯಾ ನೀರಿನ ಬಣ್ಣ ಕೆಡಿಸುವುದಿಲ್ಲ. ತಳದ ಕಲ್ಲು ಎಣಿಸಬಹುದಾದಷ್ಟು ತಿಳಿಯಾದ ನೀರಿನಲ್ಲೂ ಮೀನು ಏದುಸಿರು ಬಿಡುತ್ತಿರಬಹುದು. ನಮ್ಮ ಬೋರ್‌ವೆಲ್ ನೀರಿನವರಿಗೆ ಇನ್ನೂ ಒಂದು ಸಂಕಟ. ನೀರಿನ ಪಿಎಚ್ 7 ಇದ್ದಾಗ, 25 ಡಿಗ್ರಿ ಉಷ್ಣತೆಯಲ್ಲಿ, ಇರುವ ಅಮೋನಿಯಾದಲ್ಲಿ ನಿಜವಾಗಿ ವಿಷವಾಗುವ ರೂಪದ್ದು ಶೇಕಡ 1ಕ್ಕಿಂತ ಕಡಿಮೆ. ಗಡಸು ನೀರಿನಲ್ಲಿ ಪಿಎಚ್ 8ಕ್ಕೇರಿದರೆ ಅದು ಶೇಕಡ 5ರ ಆಸುಪಾಸಿಗೆ ಹೋಗುತ್ತದೆ. ಅದೇ ಮೀನು, ಅದೇ ಊಟ, ನೀರಿನ ಮೂಲ ಬದಲಾದರೆ ವಿಷ ಬಹಳಪಟ್ಟು.

ಇದಕ್ಕೆ ಪರಿಹಾರ ಹುಡುಕಿದವರ ಕಥೆ ಒಂದು ಸಂಸಾರದ ಕಥೆಯೂ ಹೌದು. ಲಂಡನ್ನಿನ ಅಪೊತಿಕರೀಸ್ ಹಾಲ್‌ನಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದ ರಾಬರ್ಟ್ ವಾರಿಂಗ್ಟನ್ 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನು, ವ್ಯಾಲಿಸ್ನೇರಿಯಾ ಎಂಬ ನೀರುಗಿಡ ಇಟ್ಟು ನೋಡಿದ. ಮೀನು ಬಿಟ್ಟದ್ದನ್ನು ಗಿಡ ತೆಗೆದುಕೊಳ್ಳಲಿ, ಗಿಡ ಬಿಟ್ಟ ಆಮ್ಲಜನಕವನ್ನು ಮೀನು ತೆಗೆದುಕೊಳ್ಳಲಿ ಎಂಬ ಲೆಕ್ಕ. ಕೊಳೆತ ಎಲೆಗಳಿಂದ ಲೋಳೆ ಹೆಚ್ಚಾಯಿತು. ಲೋಳೆ ತಿನ್ನಲು ಬಸವನಹುಳು ಬಿಟ್ಟ. ಹುಳುವಿನ ಮೊಟ್ಟೆ ಮೀನಿಗೆ ಊಟವಾಯಿತು. ನೀರು ಬದಲಿಸದೆಯೇ ಪಾತ್ರೆ ತಿಳಿಯಾಗಿ ಉಳಿಯಿತೆಂದು 1850ರಲ್ಲಿ ಕೆಮಿಕಲ್ ಸೊಸೈಟಿಯ ಮುಂದೆ ವರದಿ ಇಟ್ಟ. ಮೂರೇ ವರ್ಷದಲ್ಲಿ, 1853ಕ್ಕೆ, ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕರಿಗೆಂದು ಮೀನಿನ ಮನೆ ತೆರೆಯಿತು. ವಾರಿಂಗ್ಟನ್ನನ ಪಾತ್ರೆಯಲ್ಲಿ ಫಿಲ್ಟರಿರಲಿಲ್ಲ. ಲೆಕ್ಕಕ್ಕೆ ಸಿಗದ ಇನ್ನೂ ಕೆಲವರು ಆ ಪಾತ್ರೆಯ ತಳದ ಮರಳಿನಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದರೆಂಬುದು ಅವನಿಗೆ ತಿಳಿಯುವಂತಿರಲಿಲ್ಲ.

ಅವರನ್ನು ಹುಡುಕಹೊರಟವರಲ್ಲಿ ಒಬ್ಬ ಅವನ ಮಗನೇ. ಹೆಸರೂ ರಾಬರ್ಟ್ ವಾರಿಂಗ್ಟನ್. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಮೀನಿನ ಗೊಡವೆ ಅವನಿಗಿರಲಿಲ್ಲ. ಹೊಲಕ್ಕೆ ಹಾಕಿದ ಗೊಬ್ಬರದ ಅಮೋನಿಯಾ ಮಣ್ಣಿನಲ್ಲಿ ನೈಟ್ರೇಟ್ ಆಗುವುದು ಹೇಗೆ ಎಂಬುದು ಅವನ ಚಿಂತೆ. ಅದಕ್ಕೆ ದಾರಿ ತೋರಿಸಿದವರು ಪ್ಯಾರಿಸ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್. 1877ರಲ್ಲಿ ಅವರು ಮರಳು, ಸುಣ್ಣಕಲ್ಲು ತುಂಬಿದ ಉದ್ದನೆಯ ಕೊಳವೆಯೊಳಗೆ ಚರಂಡಿ ನೀರನ್ನು ಮೆಲ್ಲಗೆ ಹನಿಸಿದ ಪ್ರಯೋಗವನ್ನು ಪ್ರಕಟಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲೆ ಹೋದ ಅಮೋನಿಯಾ ಹಾಗೇ ಕೆಳಗೆ ಬಂತು. ಆಮೇಲೆ ಒಮ್ಮೆ ಅಮೋನಿಯಾ ಕಡಿಮೆಯಾಗುತ್ತ ನೈಟ್ರೇಟ್ ಕಾಣಿಸಿಕೊಂಡಿತು. ಕೊಳವೆಗೆ ಕ್ಲೋರೊಫಾರ್ಮ್ ಹಾಯಿಸಿದರು, ಕೆಲಸ ನಿಂತುಹೋಯಿತು. ಮಣ್ಣು ಕಲಸಿದ ಒಂದಿಷ್ಟು ನೀರು ಹಾಕಿದರು, ಮತ್ತೆ ಶುರುವಾಯಿತು. ಕೆಲಸ ಮಾಡುತ್ತಿರುವುದು ಮರಳಲ್ಲ, ಮರಳಿಗೆ ಅಂಟಿಕೊಂಡ ಜೀವ ಎಂದು ಖಾತ್ರಿಯಾಯಿತು. ಕಿರಿಯ ವಾರಿಂಗ್ಟನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಈ ಕೆಲಸ ಎರಡು ಹಂತದ್ದು, ಅಮೋನಿಯಾದಿಂದ ನೈಟ್ರೈಟಿಗೆ ಒಬ್ಬರು, ನೈಟ್ರೈಟಿನಿಂದ ನೈಟ್ರೇಟಿಗೆ ಇನ್ನೊಬ್ಬರು ಎಂದು ತೋರಿಸಿದ. ಆದರೆ ಆ ಒಬ್ಬರನ್ನಾಗಲಿ ಇನ್ನೊಬ್ಬರನ್ನಾಗಲಿ ಬೇರೆ ಮಾಡಿ ಹಿಡಿಯಲು ಅವನಿಂದಾಗಲಿಲ್ಲ.

ಹಿಡಿದವನು ಜ್ಯೂರಿಕ್‌ನಲ್ಲಿದ್ದ ರಷ್ಯದ ವಿನೊಗ್ರಾಡ್‌ಸ್ಕಿ, 1890ರ ಹೊತ್ತಿಗೆ. ಆ ಕಾಲದಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದೆಂದರೆ ಜೆಲಾಟಿನ್ನಿನ ಮೇಲೆ ಪುಷ್ಕಳವಾಗಿ ಊಟ ಹಾಕುವುದು. ಇವು ಆ ಊಟ ಮುಟ್ಟಲಿಲ್ಲ. ಎಷ್ಟು ಬಡಿಸಿದರೂ ಬೇರೆಯವರು ಬಂದು ಉಂಡು ಹೋದರೇ ಹೊರತು ಬೇಕಾದವರು ಎಲೆಯ ಮುಂದೆ ಕೂರಲಿಲ್ಲ. ವಿನೊಗ್ರಾಡ್‌ಸ್ಕಿ ಊಟವನ್ನೇ ನಿಲ್ಲಿಸಿ, ಸಿಲಿಕಾದ ಜೆಲ್ಲಿನ ಮೇಲೆ ಬರೀ ಖನಿಜ ಲವಣ, ಅಮೋನಿಯಾ ಇಟ್ಟ. ಬಂದವು. ಇನ್ನೂ ತಮಾಷೆಯೆಂದರೆ, ಎರಡು ಹಂತವನ್ನೂ ತಾನೊಂದೇ ಮಾಡಿ ಮುಗಿಸುವ ಬ್ಯಾಕ್ಟೀರಿಯಾ ಇದೆಯೆಂದು ಲೋಕಕ್ಕೆ ತಿಳಿದದ್ದು 2015ರಲ್ಲಿ. ಅದು ಸಿಕ್ಕಿದ ಜಾಗಗಳಲ್ಲಿ ಒಂದು, ಮೀನು ಸಾಕುವ ತೊಟ್ಟಿಗಳ ಫಿಲ್ಟರು. ಇಬ್ಬರ ಕೆಲಸ ಒಬ್ಬನೇ ಮಾಡುತ್ತಿದ್ದುದು ಕಡತಕ್ಕೆ ಸೇರಲು 125 ವರ್ಷ ಹಿಡಿಯಿತು. ಸರ್ಕಾರಿ ಕಚೇರಿಯಲ್ಲಿ ಇದ್ದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಅಂದಮೇಲೆ ಅಂಗಡಿಯಲ್ಲಿ ನಾವು ಕೊಳ್ಳುವುದು ಫಿಲ್ಟರನ್ನಲ್ಲ. ಫಿಲ್ಟರು ಈ ಜೀವಿಗಳು. ಡಬ್ಬಿ ಅವುಗಳ ಮನೆ. ಎಷ್ಟು ಲೀಟರು ಎಂದು ಕೇಳುವುದರ ಜೊತೆಗೆ ಎಷ್ಟು ಗೋಡೆ ಎಂದೂ ಕೇಳಬೇಕು. ಅಂಟಿಕೊಂಡು ಕೂರಲು ಜಾಗ ಎಷ್ಟಿದೆ? ಆ ಜಾಗದ ಮೇಲೆ ಗಾಳಿ ಬೆರೆತ ನೀರು ಬಿಡದೆ ಹರಿಯುತ್ತದೆಯೇ? ಮನೆಯ ಯಜಮಾನನಿಗೆ ಅದನ್ನು ಪದೇಪದೇ ಬಿಚ್ಚುವ ಆಸೆ ಹುಟ್ಟಿಸುವಂತಿದೆಯೇ? ಈ ಮೂರನೆಯದರಲ್ಲಿ ದೊಡ್ಡ ದೊಡ್ಡ ಯಂತ್ರಗಳು ಸೋಲುತ್ತವೆ. ಬೆಲೆಬಾಳುವ ವಸ್ತುವನ್ನು ಬಿಚ್ಚದೆ, ಒರೆಸದೆ, ಮರುಜೋಡಿಸದೆ ಸುಮ್ಮನಿರಲು ನಮ್ಮವರಿಗೆ ಬರುವುದಿಲ್ಲ.

ಸ್ಪಂಜಿನ ಉಂಡೆ ಇಲ್ಲಿ ಗೆಲ್ಲುತ್ತದೆ. ಅದರ ಕೆಲಸ ನೋಡಲು ಚೆನ್ನ. ಸ್ಪಂಜಿನ ನಡುವೆ ನೆಟ್ಟಗೆ ನಿಂತ ಒಂದು ಕೊಳವೆ. ಅದರ ಬುಡಕ್ಕೆ ಹೊರಗಿನ ಏರ್ ಪಂಪಿನಿಂದ ಸಣ್ಣ ಟ್ಯೂಬಿನಲ್ಲಿ ಗಾಳಿ ಬರುತ್ತದೆ. ಗುಳ್ಳೆಗಳು ಕೊಳವೆಯೊಳಗೆ ಏರುವಾಗ ಅಲ್ಲಿನ ನೀರು ಹಗುರಾಗಿ ಜೊತೆಯಲ್ಲೇ ಮೇಲೇಳುತ್ತದೆ. ಖಾಲಿಯಾದ ಜಾಗಕ್ಕೆ ಸುತ್ತಲಿನ ನೀರು ಸ್ಪಂಜನ್ನು ಹಾದು ಬರಲೇಬೇಕು. ನೀರಿನೊಳಗೆ ತಿರುಗುವ ಚಕ್ರವಿಲ್ಲ, ಮರಿಮೀನು ಸಿಕ್ಕಿಕೊಳ್ಳುವ ಬಾಯಿಯಿಲ್ಲ. ಫೈಟರಿನವನೂ ನೆಮ್ಮದಿಯಿಂದಿರುತ್ತಾನೆ. ಮೂರು ವ್ಯಾಟಿನ ಪಂಪು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ ಎರಡು ಯೂನಿಟ್ಟು ಚಿಲ್ಲರೆ. ಗೃಹಜ್ಯೋತಿಯ ಲೆಕ್ಕದಲ್ಲಿ ಎದ್ದು ಕಾಣುವುದಿಲ್ಲ. ಆದರೂ ಪ್ರತಿ ಮನೆಯಲ್ಲೂ ಹೊರಗೆ ಹೋಗುವ ಮುನ್ನ ಸ್ವಿಚ್ಚುಗಳನ್ನೆಲ್ಲ ಆರಿಸುವ ಒಬ್ಬ ಹಿರಿಯರಿರುತ್ತಾರೆ. "ಯಾರೂ ಇಲ್ಲದಾಗ ಮೀನು ಯಾರಿಗೆ ತೋರಿಸ್ಬೇಕು ಈ ಗುಳ್ಳೇನ?" ಎಂದು ಅವರ ಪ್ರಶ್ನೆ.

ಕರೆಂಟು ತಾನಾಗಿ ಹೋಗುವುದಂತೂ ಇದ್ದೇ ಇದೆ. ಆಗ ಏರ್ ಪಂಪು ತೊಟ್ಟಿಗಿಂತ ಕೆಳಗಿದ್ದರೆ, ಗಾಳಿಯ ಟ್ಯೂಬಿನಲ್ಲಿ ನೀರು ಹಿಂದಕ್ಕೆ ಇಳಿದು ಪಂಪಿನೊಳಗೆ ಸೇರುತ್ತದೆ, ಅಲ್ಲಿಂದ ಎಕ್ಸ್‌ಟೆನ್ಷನ್ ಪೆಟ್ಟಿಗೆಯ ಕಡೆಗೆ ಹೊರಡುತ್ತದೆ. ಅದಕ್ಕಾಗಿ ಟ್ಯೂಬಿನ ನಡುವೆ ಒಂದು ಪುಟ್ಟ ಚೆಕ್ ವಾಲ್ವು ಹಾಕಬೇಕು. ಕಿರುಬೆರಳಿನ ತುದಿಯಷ್ಟು ದಪ್ಪದ ಪ್ಲಾಸ್ಟಿಕ್ ತುಂಡು, ಒಳಗೆ ತೆಳುವಾದ ರಬ್ಬರು. ಗಾಳಿಯನ್ನು ಹೋಗಗೊಡುತ್ತದೆ, ನೀರನ್ನು ಬರಗೊಡುವುದಿಲ್ಲ. ಇಡೀ ಅಂಗಡಿಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಬೇಕಾದ ವಸ್ತು ಇನ್ನೊಂದಿಲ್ಲ. ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ಸದ್ದಿನ ವಿಚಾರದಲ್ಲಿ ಮಾತ್ರ ಏರ್ ಪಂಪಿಗೆ ನಾಚಿಕೆಯಿಲ್ಲ. ಮಡಿಸಿದ ಹಳೇ ಟವೆಲಿನ ಮೇಲೆ ಕೂರಿಸಿದರೆ ಗೊಣಗಾಟ ಸ್ವಲ್ಪ ತಗ್ಗುತ್ತದೆ. ಹ್ಯಾಂಗ್ ಆನ್ ಫಿಲ್ಟರಿನದು ಗೊಣಗಾಟವಲ್ಲ, ನೀರು ಬೀಳುವ ಸದ್ದು. ಅದು ಕೇಳುವವರ ಊರಿನ ಮೇಲೆ ಹೋಗುತ್ತದೆ. ಅಂಥದ್ದೊಂದು ನಮ್ಮ ಹಾಲಿನಲ್ಲಿದ್ದಾಗ ಕೋಲಾರದ ಕಡೆಯ ಮಾವ ಬಂದು ಉಳಿದಿದ್ದರು. ನಡುರಾತ್ರಿ ಎದ್ದು, ಯಾರೋ ನಲ್ಲಿ ಬಿಟ್ಟು ಮಲಗಿದ್ದಾರೆಂದು ಬಚ್ಚಲು, ಅಡುಗೆಮನೆ, ಟೆರೇಸು ಎಲ್ಲ ಸುತ್ತಿ ಬಂದರು. ಅದೇ ಹಾಲಿನಲ್ಲಿ ಮಲಗಿದ ತೀರ್ಥಹಳ್ಳಿಯ ದೊಡ್ಡಮ್ಮ ಬೆಳಿಗ್ಗೆ, "ನಿಮ್ಮೂರಿಗೆ ಬಂದ್ಮೇಲೆ ಇವತ್ತೇ ನೋಡು ಕಣ್ತುಂಬ ನಿದ್ದೆ ಬಂದಿದ್ದು" ಎಂದರು.

ದೊಡ್ಡಮ್ಮನಿಗೆ ಫಿಲ್ಟರಿನ ಅಗತ್ಯವೇ ಅರ್ಥವಾಗಲಿಲ್ಲ. "ಶೃಂಗೇರೀಲಿ ಅಷ್ಟು ಮೀನಿದಾವಲ್ಲ, ಅಲ್ಲೆಲ್ಲಿದೆ ನಿನ್ನ ಮಷಿನ್ನು?" ಎಂದು ಕೇಳಿದರು. ಮಠದ ಮೆಟ್ಟಿಲ ಬಳಿ ಮಂಡಕ್ಕಿಗೆ ಮುಗಿಬೀಳುವ ಆ ದೇವರ ಮೀನುಗಳಿಗೆ ಯಂತ್ರ ಬೇಡ, ನಿಜ. ಅವುಗಳ ಹಿಂದೆ ತುಂಗೆಯಿದ್ದಾಳೆ. ನಿನ್ನೆಯ ನೀರು ಇವತ್ತು ಅಲ್ಲಿಲ್ಲ. ಹರಿವಿನ ತಳದ ಒಂದೊಂದು ಕಲ್ಲಿನ ಮೈಯಲ್ಲೂ ವಿನೊಗ್ರಾಡ್‌ಸ್ಕಿಯ ಪರಿವಾರ ಇದೆ. ಸೊಳ್ಳೆ ಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ಸಿಮೆಂಟು ತೊಟ್ಟಿಗಳಿಗೆ ಬಿಡುವ ಗಪ್ಪಿಗಳಿಗೂ ಫಿಲ್ಟರಿಲ್ಲ. ಅಲ್ಲಿ ನೀರು ಬಹಳ, ಮೀನು ಸಣ್ಣದು, ಪಾಚಿ ಧಾರಾಳ, ಯಾರೂ ದಿನಕ್ಕೆ ಮೂರು ಸಲ ಊಟ ಹಾಕುವುದಿಲ್ಲ. ನಮ್ಮ 45 ಲೀಟರಿನಲ್ಲಿ ಅದೆಲ್ಲ ಇಲ್ಲ. ಹಿಡಿಗಾತ್ರದ ಸ್ಪಂಜು ಒಂದು ನದಿಯ ಕೆಲಸ ಮಾಡಬೇಕು.

ನಿಜವಾದ ಕಷ್ಟ ಬರುವುದು ಮನೆಯೆಲ್ಲ ತೊಳೆಯುವ ಶುಕ್ರವಾರ. ನಮ್ಮ ಅತ್ತಿಗೆಯ ಮನೆಯಲ್ಲಿ ನೆಲದ ಮೇಲೆ ಬಿದ್ದ ಅನ್ನವನ್ನು ಎತ್ತಿ ತಿನ್ನಬಹುದು, ಅಷ್ಟು ಶುಭ್ರ. ಅವರು ಒಮ್ಮೆ ನಮ್ಮ ತೊಟ್ಟಿಯ ಹತ್ತಿರ ಬಗ್ಗಿ, ಕಂದುಗಟ್ಟಿದ ಸ್ಪಂಜನ್ನು ನೋಡಿ ಹೌಹಾರಿದರು. "ಇದೇನೋ ಇದು, ಇಷ್ಟು ಗಲೀಜನ್ನ ನೀರೊಳಗೇ ಇಟ್ಕೊಂಡಿದೀಯ? ಕೊಡು, ಬಿಸಿನೀರಲ್ಲಿ ಒಂದು ಸಲ ಹಿಂಡಿ ಕೊಡ್ತೀನಿ."

"ಬೇಡ ಅತ್ತಿಗೆ, ಆ ಗಲೀಜೇ ನೀರನ್ನ ಕ್ಲೀನ್ ಮಾಡೋದು."

"ಗಲೀಜಿದ್ದಷ್ಟೂ ಒಳ್ಳೇದು ಅಂತೀಯ?"

"ಒಂದು ಮಟ್ಟಿಗೆ ಹೌದು."

"ನಿಮ್ಮಣ್ಣಾನೂ ಅವರ ರೂಮಿನ ಬಗ್ಗೆ ಇದನ್ನೇ ಹೇಳ್ತಾರೆ" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟುಹೋದರು.

ಸ್ಪಂಜು ತೊಳೆಯಲೇಬಾರದೆಂದಲ್ಲ. ನೀರಿನ ಹರಿವು ಕಡಿಮೆಯಾದಾಗ, ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು ಅದರಲ್ಲಿ ಅದನ್ನು ಎರಡು ಮೂರು ಸಲ ಮೆತ್ತಗೆ ಹಿಂಡಬೇಕು. ಹೊರಬರುವ ನೀರು ಕಡುಗಂದು, ಮುಟ್ಟಿದರೆ ನುಣುಪು. ಮೂಗಿಗೆ ಹಿಡಿದರೆ ದುರ್ನಾತವಿರುವುದಿಲ್ಲ. ತೋಟದ ಹಸಿ ಮಣ್ಣಿನ ವಾಸನೆ. ಹಾಗಿದ್ದರೆ ಎಲ್ಲ ಸರಿಯಿದೆ ಎಂದೇ ಅರ್ಥ. ಕೊಳೆತ ಮೊಟ್ಟೆಯ ನಾತ ಬಂದರೆ ಒಳಗೆ ಗಾಳಿ ಸಾಲದೆ ಬೇರೆ ಯಾರೋ ಬಂದು ಸೇರಿದ್ದಾರೆ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಮಾತ್ರ ಕಥೆ ಮುಗಿಯಿತು. ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಸಾಯಲಿ ಎಂದು. ಅದು ಕೆಟ್ಟವು ಯಾವುವು, ನಮ್ಮವು ಯಾವುವು ಎಂದು ವಿಚಾರಿಸುವುದಿಲ್ಲ. ಬಂಧುವೊಬ್ಬರು ದೀಪಾವಳಿಗೆ ಸುಣ್ಣಬಣ್ಣ ಬಳಿಸಿದ ಹುರುಪಿನಲ್ಲಿ ತೊಟ್ಟಿ, ಕಲ್ಲು, ಸ್ಪಂಜು ಎಲ್ಲವನ್ನೂ ಪಾತ್ರೆ ಸೋಪಿನಲ್ಲಿ ತಿಕ್ಕಿ ತಿಕ್ಕಿ ಬೆಳಗಿದರು. ಬಲಿಪಾಡ್ಯಮಿಯ ಹೊತ್ತಿಗೆ ಮೀನುಗಳು ನೀರಿನ ಮೇಲ್ಗಡೆ ಬಾಯಿ ಬಿಡುತ್ತಿದ್ದವು. ನೀರು ಅಷ್ಟು ತಿಳಿಯಾಗಿ ಎಂದೂ ಇದ್ದಿರಲಿಲ್ಲವಂತೆ.

ಹ್ಯಾಂಗ್ ಆನ್ ಫಿಲ್ಟರಿನ ಕಾರ್ಟ್ರಿಜ್ಜಿನ ಮೇಲೆ "ತಿಂಗಳಿಗೊಮ್ಮೆ ಬದಲಿಸಿ" ಎಂದು ಬರೆದಿರುತ್ತಾರೆ. ಅದರಲ್ಲಿನ ಇದ್ದಿಲು ಕೆಲವು ವಾರಗಳಲ್ಲಿ ಹೀರುವಷ್ಟು ಹೀರಿ ಸುಮ್ಮನಾಗುವುದು ನಿಜ. ಆದರೆ ಮೀನಿಗೆ ಹಾಕಿದ ಔಷಧಿಯನ್ನೋ ಮರದ ತುಂಡಿನಿಂದ ಇಳಿದ ಬಣ್ಣವನ್ನೋ ತೆಗೆಯಬೇಕಾದಾಗ ಬಿಟ್ಟರೆ ಅದು ಅಂಥ ಅಗತ್ಯದ್ದೇನಲ್ಲ. ಕಾರ್ಟ್ರಿಜ್ಜು ಬಿಸಾಕಿದರೆ ಅದಕ್ಕಂಟಿದ ಸಂಸಾರವೂ ಕಸದ ಬುಟ್ಟಿಗೆ ಹೋಗುತ್ತದೆ. ಆ ಜಾಗದಲ್ಲಿ ಒಂದು ಸ್ಪಂಜಿನ ತುಂಡು ಕತ್ತರಿಸಿ ತುರುಕಿದರೆ ವರ್ಷಗಟ್ಟಲೆ ನಡೆಯುತ್ತದೆ. ಅದನ್ನು ಮಾತ್ರ ಯಾರೂ ಪೆಟ್ಟಿಗೆಯ ಮೇಲೆ ಬರೆಯುವುದಿಲ್ಲ.

ಹೊಸ ಸ್ಪಂಜಿನಲ್ಲಿ ಈ ಸಂಸಾರ ಹೂಡುವುದು ನಿಧಾನದ ಕೆಲಸ. ಒಂದು ಎರಡಾಗಲು ಹತ್ತಿರ ಹತ್ತಿರ ಒಂದು ದಿನ ಬೇಕು; ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ. ಅಷ್ಟು ಕಾಯಲಾರದವರಿಗೆ ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇರುವ ಉಪಾಯವಿದೆ: ಹೆಪ್ಪು ಕೇಳಿ ತರುವುದು. ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯ ಹಳೇ ಸ್ಪಂಜಿನ ಒಂದು ತುಂಡನ್ನು ಹೊಸ ಫಿಲ್ಟರಿಗೆ ಸೇರಿಸಿದರೆ ವಾರಗಳ ಕೆಲಸ ದಿನಗಳಿಗೆ ಇಳಿಯುತ್ತದೆ. ಶ್ಲೋಸಿಂಗ್, ಮ್ಯೂಂಟ್ಸ್ ಆ ಕೊಳವೆಗೆ ಮಣ್ಣಿನ ನೀರು ಹಾಕಿ ಮಾಡಿದ್ದೂ ಇದನ್ನೇ. ನಾನು ಬಟ್ಟಲು ಹಿಡಿದು ಇಂಜಿನಿಯರ ಮನೆಗೆ ಹೋದದ್ದು ಸಂಜೆ ಏಳು ಗಂಟೆಗೆ. ಅವರು ಸ್ಪಂಜಿಗೆ ಕತ್ತರಿ ಹುಡುಕುತ್ತಿದ್ದರು. ಅವರ ಮನೆಯವರು ದೇವರ ಕೋಣೆಯಿಂದಲೇ, "ದೀಪ ಹಚ್ಚಿದ್ಮೇಲೆ ಹೆಪ್ಪು ಕೊಡಬಾರದು ರೀ, ಬೆಳಿಗ್ಗೆ ಬರಲಿ" ಎಂದರು. ಅಣೆಕಟ್ಟು ಕಟ್ಟಿದವರು ಕತ್ತರಿ ಕೆಳಗಿಟ್ಟರು. ಬೆಳಿಗ್ಗೆ ಹೋದೆ. ಸ್ಪಂಜಿನ ಜೊತೆ ಕೇಳದೆಯೇ ನಾಲ್ಕು ಬಸವನಹುಳುಗಳೂ ಬಂದವು. ಈಗ ಅವು ನಾಲ್ಕಿಲ್ಲ, ಎಷ್ಟಿವೆಯೆಂದು ಎಣಿಸುವುದನ್ನು ನಾನು ಬಿಟ್ಟಿದ್ದೇನೆ.

ಯಾವ ಫಿಲ್ಟರ್ ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ತೊಟ್ಟಿಯ ಉದ್ದ ಕೇಳುವುದಿಲ್ಲ. ನಿಮ್ಮ ಮನೆಯಲ್ಲಿ ತೊಳೆಯುವ ಚಟ ಯಾರಿಗಿದೆ, ಸ್ವಿಚ್ಚು ಆರಿಸುವ ಚಟ ಯಾರಿಗಿದೆ, ಹಾಲಿನಲ್ಲಿ ಮಲಗುವವರ ಊರು ಯಾವುದು ಎಂದು ಕೇಳುತ್ತೇನೆ. ಚಿಕ್ಕ ತೊಟ್ಟಿ, ನಾಲ್ಕಾರು ಸಣ್ಣ ಮೀನು ಎಂದರೆ ಸ್ಪಂಜು ಸಾಕು. ಚಿನ್ನದ ಮೀನು ಬೇಕೇಬೇಕೆಂದರೆ, ಅದು ತಿನ್ನುವುದೂ ಹೆಚ್ಚು ಬಿಡುವುದೂ ಹೆಚ್ಚು, ಮೊದಲು ತೊಟ್ಟಿಯನ್ನೇ ದೊಡ್ಡದು ಮಾಡಿ, ಆಮೇಲೆ ಕ್ಯಾನಿಸ್ಟರಿನ ಮಾತು. ಫಿಲ್ಟರಿನ ಬೆಲೆ ಎಷ್ಟೇ ಇರಲಿ, ಅದರೊಳಗಿನ ಮನೆಮಂದಿಯೆಲ್ಲ ಸೇರಿ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತಾರೆ, ಅಲ್ಲಿಗೆ ಅವರ ಕೆಲಸ ಮುಗಿಯಿತು. ನೈಟ್ರೇಟು ಅಷ್ಟು ಬೇಗ ಕೊಲ್ಲುವುದಿಲ್ಲ, ಆದರೆ ದಿನೇದಿನೇ ಸೇರುತ್ತ ಹೋಗುತ್ತದೆ. ಅದನ್ನು ತೆಗೆಯಲು ಗಿಡ ಬೇಕು, ಇಲ್ಲವೇ ವಾರಕ್ಕೊಮ್ಮೆ ಕಾಲು ಭಾಗ ನೀರು ಹೊತ್ತು ಹಾಕುವ ಮನುಷ್ಯ ಬೇಕು. ಆ ಮನುಷ್ಯನನ್ನು ಯಾವ ಅಂಗಡಿಯವನೂ ಪೆಟ್ಟಿಗೆಯಲ್ಲಿ ಹಾಕಿ ಕೊಡುವುದಿಲ್ಲ.

ನಮ್ಮಲ್ಲಿ ಆ ಕೆಲಸ ಭಾನುವಾರ ನನಗೆ. ಮೊದಮೊದಲು ಹಳೇ ನೀರನ್ನು ಬಚ್ಚಲಿಗೆ ಚೆಲ್ಲುತ್ತಿದ್ದೆ. ಒಮ್ಮೆ ಬಂದಿದ್ದ ಅತ್ತಿಗೆಗೆ ರಾಥಮ್‌ಸ್ಟೆಡ್ಡಿನ ಮಗನ ಕಥೆ, ನೈಟ್ರೇಟಿನ ಕಥೆ ಹೇಳಿದೆ. ಅವರು ಕಥೆಗೆ ಹೂಂಗುಟ್ಟಲಿಲ್ಲ, ಎರಡು ಬಾಟಲಿ ನೀರು ತುಂಬಿಸಿಕೊಂಡು ಹೋದರು. ಅವರ ತಾರಸಿಯ ಗುಲಾಬಿ, ಕರಿಬೇವು ಎರಡಕ್ಕೂ ಅದು ಒಗ್ಗಿತು. ಈಗ ಪ್ರತಿ ಭಾನುವಾರ ಅಣ್ಣ ಸ್ಕೂಟರಿನಲ್ಲಿ ಕ್ಯಾನು ಇಟ್ಟುಕೊಂಡು ಬರುತ್ತಾನೆ. ಹೋದ ವಾರ ಅವನು ಮನೆ ಮುಟ್ಟಿದ ಸ್ವಲ್ಪ ಹೊತ್ತಿಗೆ ಅತ್ತಿಗೆಯ ಫೋನು ಬಂತು.

"ಏನೋ, ಈ ಸಲ ನೀರು ಇಷ್ಟು ತಿಳಿಯಾಗಿದೆ? ಮೀನಿಗೆ ಹೊಟ್ಟೆಗೆ ಸರಿಯಾಗಿ ಹಾಕ್ತಿದೀಯೋ ಇಲ್ವೋ?"